ಕ್ಯಾಮೆರಾ ಕೊಡಿ, ಮೈಕ್ ಹಿಡಿಯಬೇಡಿ: ಹಾಸನ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಆರೋಗ್ಯ ಇಲಾಖೆ ಮತ್ತು ವಾರ್ತಾ ಇಲಾಖೆಯ ಅಧಿಕಾರಿಗಳೇ, ಇದನ್ನು ಓದುತ್ತಿರುವ ನಮ್ಮ ಜಿಲ್ಲೆಯ ಜನರೇ,

ನಾನು ನಿವೃತ್ತ ಹೈಸ್ಕೂಲ್ ಟೀಚರ್. ಅರ್ಜಿಯಲ್ಲಿ 'ವಿಷಯ' ಒಂದೇ ಸಾಲಿನಲ್ಲಿರಬೇಕು ಅಂತ ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವಳು. ಹಾಗಾಗಿ ಮೊದಲು ಅದನ್ನೇ ಬರೆಯುತ್ತೇನೆ. ವಿಷಯ: ಸಾವಿನ ಬಾಯಿಂದ ಪಾರಾಗಿ ಬಂದವರು, ಅವರಿಗೆ ಬೇಕೆನಿಸಿದರೆ, ತಮಗಾದದ್ದನ್ನು ತಾವೇ ಸಿನಿಮಾ ಮಾಡಿಕೊಳ್ಳಲು ಜಿಲ್ಲೆಯಲ್ಲಿ ಒಂದು ಜಾಗ ಮಾಡಿಕೊಡುವ ಬಗ್ಗೆ.

ಇದನ್ನು ಕೇಳಲು ನನಗೇನು ಅರ್ಹತೆ ಅನ್ನುತ್ತೀರಾ? ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದೆ. ಒಂದು ಮಧ್ಯಾಹ್ನ ಮನೆ ಹತ್ತಿರದ ದಿನಸಿ ಅಂಗಡಿಗೆ ಒಬ್ಬ ಬಂದೂಕು ಹಿಡಿದು ಬಂದು, ಕಂಡಕಂಡವರಿಗೆ ಗುಂಡು ಹೊಡೆದ. ನಾನು ಒಳಗಿದ್ದೆ. ನನ್ನ ಮೈಮೇಲೆ ಒಂದು ಗೀರೂ ಆಗಲಿಲ್ಲ. ಅಲ್ಲಿದ್ದ ಕೆಲವರು ಮನೆಗೆ ವಾಪಸ್ ಹೋಗಲಿಲ್ಲ. ಊರಿನ ಹೆಸರು ಬರೆಯುವುದಿಲ್ಲ, ಮಗಳ ಸಂಸಾರ ಇನ್ನೂ ಅಲ್ಲೇ ಇದೆ. ಹೊಡೆದವನ ಹೆಸರಂತೂ ಬರೆಯುವುದೇ ಇಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು ಮಸೀದಿಗಳಿಗೆ ನುಗ್ಗಿ ಒಬ್ಬ 51 ಜನರನ್ನು ಕೊಂದ. ಅವನ ಹೆಸರನ್ನು ಎಂದೂ ಬಾಯಲ್ಲಿ ತರುವುದಿಲ್ಲ ಅಂತ ಅಲ್ಲಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲೇ ಹೇಳಿದರು. ಪ್ರಧಾನಿಗೆ ಆಗುವುದು ನಿವೃತ್ತ ಟೀಚರಿಗೆ ಕಷ್ಟವೇನಲ್ಲ.

ಅದೆಲ್ಲ ಅಮೆರಿಕದ ಕಾಯಿಲೆ, ಹಾಸನಕ್ಕೆ ಯಾಕೆ ತರುತ್ತೀರಿ ಅಂತ ಕೇಳಬಹುದು. ಬಂದೂಕಿನ ಮಟ್ಟಿಗೆ ಆ ಮಾತು ನಿಜ. ಅಲ್ಲಿ 100 ಜನಕ್ಕೆ ಸುಮಾರು 120 ಖಾಸಗಿ ಬಂದೂಕುಗಳಿವೆ ಅಂತ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತ್ತು. ನಮ್ಮಲ್ಲಿ ತೋಟದ ಮನೆಯ ಗೋಡೆಗೆ ಒಂದು ಕೋವಿ ಇದ್ದರೆ ಹೆಚ್ಚು. ಆದರೆ ಬದುಕಿ ಉಳಿದ ಮೇಲೆ ಆಗುವುದು ಎಲ್ಲ ಕಡೆಯೂ ಒಂದೇ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಫಿ ತೋಟದಲ್ಲಿ ಆನೆ ಅಟ್ಟಿಸಿಕೊಂಡು ಬಂದು, ಪಕ್ಕದವರು ಸತ್ತು ತಾವು ಉಳಿದವರು ಇದ್ದಾರೆ. 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಸತ್ತವರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗರಿದ್ದರು. ಅವರ ಪಕ್ಕದಲ್ಲೇ ಕುಣಿಯುತ್ತಿದ್ದು ಉಳಿದುಕೊಂಡ ಹುಡುಗರೂ ಇದ್ದಾರೆ, ಅಲ್ವಾ? ಅವರನ್ನು ಯಾರು ಲೆಕ್ಕಕ್ಕೆ ಹಿಡಿದಿದ್ದಾರೆ? ಸತ್ತವರಿಗೆ ಪರಿಹಾರ, ಗಾಯಗೊಂಡವರಿಗೆ ಆಸ್ಪತ್ರೆ ಖರ್ಚು. ಗೀರಿಲ್ಲದೆ ಉಳಿದವರಿಗೆ ನಮ್ಮ ಫೈಲುಗಳಲ್ಲಿ ಜಾಗವೇ ಇಲ್ಲ.

ನಾನು ಊರಿಗೆ ಬಂದ ಮೇಲೆ ನನಗಾದದ್ದನ್ನು ಸ್ವಲ್ಪ ಹೇಳುತ್ತೇನೆ. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮೊದಲ ಕೆಲವು ವಾರ ಚೆನ್ನಾಗಿಯೇ ಇದ್ದೆ. ಬಂದವರಿಗೆಲ್ಲ ಕಾಫಿ ಕೊಟ್ಟು ಕಥೆ ಹೇಳಿದೆ. ಆಮೇಲೆ ಶುರುವಾಯಿತು. ಪಟಾಕಿ ಸದ್ದು ತಡೆಯಲಾಗುತ್ತಿರಲಿಲ್ಲ, ಅದನ್ನು ಎಲ್ಲರೂ ಊಹಿಸಬಹುದು. ತವರಿನ ತೋಟದಲ್ಲಿ ಮಂಗ ಓಡಿಸಲು ಗುಂಡು ಹಾರಿಸಿದರೆ ಎರಡು ದಿನ ಮಲಗಿಬಿಡುತ್ತಿದ್ದೆ. ಊಹಿಸಲಾಗದ್ದು ಬೇರೆಯೇ ಇತ್ತು. ತಾನಾಗಿ ಸರಿಯುವ ಗಾಜಿನ ಬಾಗಿಲು. ಫ್ರಿಜ್ಜಿನ ಗುಂಯ್ ಶಬ್ದ. ಮತ್ತೆ ಕೊತ್ತಂಬರಿ ಸೊಪ್ಪು. ಹಾಸನದ ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ವಾಸನೆಗೆ ಹೆದರುವ ಹೆಂಗಸು ಹೇಗೆ ಬದುಕಬೇಕು ಹೇಳಿ. ಸಾರಿಗೆ ಸೊಪ್ಪಿಲ್ಲ ಅಂತ ಮನೆಯವರು ಮುಖ ಸಣ್ಣದು ಮಾಡಿಕೊಂಡರು. ಯಾಕೆ ಅಂತ ಅವರಿಗೆ ಹೇಳಲು ನನಗೇ ಗೊತ್ತಿರಲಿಲ್ಲ.

ನೆಂಟರು ಭಯ ಬಿದ್ದಿದೆ ಅಂದರು. ಅಂತ್ರ ಕಟ್ಟಿಸಿದರು. ಪುರದಮ್ಮನಿಗೆ ಹರಕೆ ಹೊತ್ತರು. ಅದರಲ್ಲಿ ನನಗೇನೂ ಬೇಸರವಿಲ್ಲ. ಅವರಿಗೆ ಗೊತ್ತಿದ್ದ ಪ್ರೀತಿ ಅದು. ಬೇಸರವಾದದ್ದು ಮೈಕ್ ಹಿಡಿದು ಬಂದವರಿಂದ. ಒಬ್ಬ ಹುಡುಗ ಸೋಫಾ ಸರಿಸಿ, ಟ್ಯೂಬ್‌ಲೈಟ್ ಆರಿಸಿ, 'ಮೇಡಂ, ಆ ಕ್ಷಣ ಹೇಗನ್ನಿಸ್ತು?' ಅಂದ. ಏನೋ ಹೇಳಿದೆ. ಅದು ಆರು ಭಾಗವಾಗಿ, ನನಗೆ ಗೊತ್ತಿಲ್ಲದ ಹಿನ್ನೆಲೆ ಸಂಗೀತದ ಜೊತೆ, ನನ್ನ ತಮ್ಮನ ಮಗಳ ಕಾಲೇಜು ಗ್ರೂಪಿಗೂ ಬಂತು. ನನ್ನ ಬಾಯಿಂದ ಬಂದ ಮಾತುಗಳೇ ಅವು. ಆದರೆ ಯಾವುದು ಮೊದಲು, ಯಾವುದು ಕೊನೆ, ಎಲ್ಲಿ ನಿಲ್ಲಿಸಬೇಕು ಅಂತ ಬೇರೆ ಯಾರೋ ತೀರ್ಮಾನ ಮಾಡಿದ್ದರು.

ಕೊನೆಗೆ ಮನೋವೈದ್ಯರ ಹತ್ತಿರ ಹೋದೆ. ಇದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಮನಸ್ಸಿಗೆ ಅಂಟಿಕೊಳ್ಳುವ ಕಾಯಿಲೆ ಅಂದರು. ದೊಡ್ಡ ಆಘಾತದ ನಂತರ ಎಲ್ಲರಿಗೂ ಬರುವುದಿಲ್ಲ, ಹೆಚ್ಚಿನವರು ತಿಂಗಳುಗಳಲ್ಲಿ ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ, ಕೆಲವರಿಗೆ ಉಳಿದುಬಿಡುತ್ತದೆ ಅಂತ ವಿವರಿಸಿದರು. ಪ್ರಾಣಭಯದ ಹೊತ್ತಿನಲ್ಲಿ ಮೆದುಳು ನಡೆದದ್ದನ್ನು ಹಿಂದುಮುಂದು ಜೋಡಿಸಿ ಇಡುವುದಿಲ್ಲವಂತೆ. ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ, ನಂಬರಿಲ್ಲದ ಹಾಳೆಗಳು ಕಲಸಿಹೋದ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ. ಒಂದು ವಾಸನೆ, ಒಂದು ಸದ್ದು, ಒಂದು ಹಾಳೆ ಸುಮ್ನೆ ಹಾರಿ ಬಂದು ಮುಖಕ್ಕೆ ಬಡಿಯುತ್ತದೆ. ಅದು ಹಳೆಯದು ಅಂತ ಮೈಗೆ ತಿಳಿಯುವುದಿಲ್ಲ. ಮಾತ್ರೆ ಕೊಟ್ಟರು. ಮಾತಾಡಿಸಿದರು. ನಿದ್ದೆ ಬಂತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಸಿನಿಮಾ ವಿಚಾರ ಓದಿ ಯಾರೂ ಮಾತ್ರೆ ಬಿಡಬಾರದು.

ಸಿನಿಮಾ ಬಂದದ್ದು ಆಕಸ್ಮಿಕವಾಗಿ. ನಮ್ಮ ಅಕ್ಕನ ಮಗ ಮದುವೆ ವಿಡಿಯೋ ಮಾಡುತ್ತಾನೆ. ಸೀಸನ್ ಬಂದರೆ ಅವನ ರೂಮಿನಲ್ಲಿ ಹಗಲು ರಾತ್ರಿ ಎಡಿಟಿಂಗ್. ನಿದ್ದೆ ಬಾರದ ದಿನಗಳಲ್ಲಿ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಅವನು ಧಾರೆಯ ಭಾಗವನ್ನು ಹಿಡಿದು ಮುಂದಕ್ಕೆ ಎಳೆಯುತ್ತಾನೆ, ಊಟದ ಭಾಗವನ್ನು ಕತ್ತರಿಸುತ್ತಾನೆ, ಜಗಳವಾಡಿದ ಮಾವನನ್ನು ಪೂರ್ತಿ ತೆಗೆದುಹಾಕುತ್ತಾನೆ. ಬೇಡ ಅನಿಸಿದರೆ ಹಿಂದಕ್ಕೆ ಹೋಗಿ ಮತ್ತೆ ಸೇರಿಸುತ್ತಾನೆ. ಒಂದು ಗುಂಡಿ ಒತ್ತಿದರೆ ಎಲ್ಲವೂ ನಿಲ್ಲುತ್ತದೆ. ನನಗೆ ಹೊಟ್ಟೆಕಿಚ್ಚಾಯಿತು. ನನ್ನ ತಲೆಯೊಳಗಿನದ್ದಕ್ಕೆ ಆ ಗುಂಡಿಯೇ ಇರಲಿಲ್ಲ.

'ನಂದೂ ಒಂದು ಮಾಡೋಣ್ವಾ?' ಅಂದೆ. ಅವನು ಹೂಂ ಅಂದ. ವೈದ್ಯರು ಸ್ವಲ್ಪ ಯೋಚಿಸಿ, ಒಬ್ಬರೇ ಕೂತು ಮಾಡಬೇಡಿ, ಮಾಡಿದ ದಿನ ನಿದ್ದೆ ಕೆಟ್ಟರೆ ನಿಲ್ಲಿಸಿ, ನನಗೆ ಹೇಳುತ್ತಿರಿ ಅಂದರು.

ಅಂಗಡಿ ಎಲ್ಲಿಂದ ತರುವುದು? ಅಡುಗೆಮನೆಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅಂಗಡಿಯ ನಕ್ಷೆ ಬರೆದೆ. ತರಕಾರಿ ಸಾಲು, ಹಾಲಿನ ಕೋಲ್ಡ್ ರೂಮ್, ಬಿಲ್ ಹಾಕುವ ಜಾಗ, ಗಾಜಿನ ಬಾಗಿಲು. ಮನುಷ್ಯರಿಗೆ ಸ್ಟೀಲ್ ಲೋಟಗಳು. ಮಗಳ ಮನೆಯಿಂದ ನಾನು ಉಟ್ಟು ಹೋಗಿದ್ದ ಸೀರೆಯ ಬಣ್ಣದ ದಾರವನ್ನು ಒಂದು ಲೋಟಕ್ಕೆ ಕಟ್ಟಿದೆ. ಅದು ನಾನು. ಅವನು ಸ್ಟೂಲ್ ಹತ್ತಿ ಮೇಲಿಂದ ಫೋನ್ ಹಿಡಿದ. ನಾನು ಕೂತು ಲೋಟ ಸರಿಸಿದೆ. ಅಷ್ಟೇ ಸಿನಿಮಾ. ಹತ್ತು ನಿಮಿಷಕ್ಕೂ ಕಡಿಮೆ.

ಆದರೆ ಅದನ್ನು ಮಾಡಲು ತಿಂಗಳುಗಳು ಹಿಡಿದವು. ಕಾರಣ ಆ ಹುಡುಗನ ಪ್ರಶ್ನೆಗಳು. ಹೇಗನ್ನಿಸಿತು ಅಂತ ಅವನು ಒಂದು ಸಲವೂ ಕೇಳಲಿಲ್ಲ. ಮದುವೆ ವಿಡಿಯೋದವನಿಗೆ ಬೇಕಾದದ್ದು ಕಂಟಿನ್ಯುಟಿ, ಅಂದರೆ ಒಂದು ದೃಶ್ಯಕ್ಕೂ ಮುಂದಿನದಕ್ಕೂ ಹೊಂದಿಕೆ. 'ಚಿಕ್ಕಮ್ಮ, ಈ ಲೋಟ ಇಲ್ಲಿಂದ ಅಲ್ಲಿಗೆ ಹೋಗುವಾಗ ಬಾಗಿಲು ತೆರೆದಿತ್ತಾ, ಮುಚ್ಚಿತ್ತಾ?' 'ಬ್ಯಾಗ್ ಯಾವ ಹೆಗಲಲ್ಲಿತ್ತು?' 'ಬಲಗೈಲಿ ಏನಿತ್ತು?'

ಬಲಗೈಲಿ ಏನಿತ್ತು? ನಾನು ಸುಮ್ಮನೆ ಕೂತೆ. ಕೊತ್ತಂಬರಿ ಸೊಪ್ಪಿನ ಕಟ್ಟು ಇತ್ತು. ನೆಲಕ್ಕೆ ಬೀಳುವಾಗಲೂ ಬಿಟ್ಟಿರಲಿಲ್ಲ. ಕೋಲ್ಡ್ ರೂಮಿನೊಳಗೆ ಮಲಗಿದ್ದಾಗ ಮೂಗಿನ ಹತ್ತಿರವೇ ಅದನ್ನು ಹಿಸುಕಿ ಹಿಡಿದಿದ್ದೆ. ಹೊರಗೆ ಬಂದ ಮೇಲೆ ಒಬ್ಬ ಪೊಲೀಸಮ್ಮ ಮೆತ್ತಗೆ ಬೆರಳು ಬಿಡಿಸಿ ತೆಗೆದುಕೊಂಡಳು. ಇದು ನನಗೆ ಮರೆತೇ ಹೋಗಿತ್ತು. ಮೂಗಿಗೆ ಮಾತ್ರ ನೆನಪಿತ್ತು. ಯಾರೂ ನನ್ನ ದುಃಖ ಕೇಳದೆ ಕೈ ಕೇಳಿದ್ದರಿಂದ ಅದು ಸಿಕ್ಕಿತು.

ಹೊತ್ತಿನ ಲೆಕ್ಕವೂ ಹಾಗೆಯೇ. ಒಂದು ಇಡೀ ರಾತ್ರಿ ಅಲ್ಲಿ ಮಲಗಿದ್ದೆ ಅನ್ನುವುದು ನನ್ನ ನೆನಪು. ಎಡಿಟಿಂಗ್‌ಗೆ ಹೊತ್ತು ಬೇಕು ಅಂತ ಮಗಳಿಗೆ ಫೋನ್ ಮಾಡಿ ಅವತ್ತಿನ ಕರೆಗಳು, ಮೆಸೇಜುಗಳನ್ನು ತರಿಸಿ ನೋಡಿದರೆ ಅರ್ಧ ಗಂಟೆಯೂ ಆಗಿರಲಿಲ್ಲ. ಮಗಳೂ ನಾನೂ ಆ ದಿನದ ಬಗ್ಗೆ ಸರಿಯಾಗಿ ಮಾತಾಡಿದ್ದು ಅದೇ ಮೊದಲು. ಟೈಮ್ ಕೋಡ್ ನೆಪದಲ್ಲಿ.

ಇನ್ನು ಗುಂಡಿನ ಸದ್ದು. ಅವನು ಇಂಟರ್ನೆಟ್‌ನಿಂದ ತರುತ್ತೇನೆ ಅಂದ. ಬೇಡ ಅಂದೆ. ಬದಲಿಗೆ ಒಂದು ಶೋರೂಮಿನ ಗಾಜಿನ ಬಾಗಿಲಿನ ಸದ್ದು ರೆಕಾರ್ಡ್ ಮಾಡಿ ತಂದ. ನಾನು ಆ ದಿನ ಕೇಳಿದ್ದು ಜಾಸ್ತಿ ಅದನ್ನೇ. ಯಾರೋ ಸೆನ್ಸರ್ ಹತ್ತಿರ ಬಿದ್ದಿದ್ದರು, ಬಾಗಿಲು ಮುಚ್ಚಲು ಹೋಗಿ ಮತ್ತೆ ಮತ್ತೆ ತೆರೆದುಕೊಳ್ಳುತ್ತಿತ್ತು. ಮೊದಲು ಸೊನ್ನೆಯ ಹತ್ತಿರ ಇಟ್ಟು ಕೇಳಿದೆ. ಸದ್ದಿನ ಗೆರೆ ನನ್ನ ಬೆರಳಿನ ಕೆಳಗೇ ಇತ್ತು. ಬೇಕಾದಷ್ಟು ಏರಿಸಿದೆ, ಸಾಕಾದಾಗ ಇಳಿಸಿದೆ. ಭಯ ಹುಟ್ಟಿಸುವುದನ್ನು ಸುರಕ್ಷಿತ ಜಾಗದಲ್ಲಿ ಕೂತು ಹೆಜ್ಜೆ ಹೆಜ್ಜೆಯಾಗಿ ಎದುರಿಸುವ ಚಿಕಿತ್ಸೆಯೇ ಇದೆ, ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ಅದನ್ನು ಬೆಳೆಸಿದವರು ಅಂತ ವೈದ್ಯರು ಆಮೇಲೆ ಹೇಳಿದರು. ಆ ಹುಡುಗನಿಗೆ ಅದೇನೂ ಗೊತ್ತಿರಲಿಲ್ಲ. ವಾಲ್ಯೂಮ್ ಎಷ್ಟಿರಲಿ ಅಂತ ಕೇಳಿದ, ಅಷ್ಟೇ.

ಹೊಡೆದವನಿಗೆ ಯಾವ ಲೋಟ ಅಂತಲೂ ಕೇಳಿದ. ಅವನಿಗೆ ಲೋಟ ಇಡಲಿಲ್ಲ.

ನಾವು ಹೊಸದೇನೋ ಮಾಡಿದೆವು ಅಂತ ಹಿಗ್ಗುತ್ತಿದ್ದೆ. ಆಮೇಲೆ ತಿಳಿಯಿತು, ಬೇರೆಯವರು ಎಂದೋ ಮಾಡಿದ್ದಾರೆ. ನಾರ್ವೆಯ ಉಟೋಯಾ ದ್ವೀಪದಲ್ಲಿ 2011ರ ಜುಲೈ 22ರಂದು ಯುವಕರ ಬೇಸಿಗೆ ಶಿಬಿರಕ್ಕೆ ನುಗ್ಗಿ ಒಬ್ಬ 69 ಜನರನ್ನು ಕೊಂದ. ಏಳು ವರ್ಷದ ನಂತರ, 2018ರಲ್ಲಿ, ಸ್ವೀಡನ್ನಿನ ನಿರ್ದೇಶಕ ಕಾರ್ಲ್ ಯಾವೆರ್ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ದ್ವೀಪವಿಲ್ಲ. ಖಾಲಿ ಸ್ಟುಡಿಯೋ, ನೆಲದ ಮೇಲೆ ಟೇಪು, ಒಂದಷ್ಟು ಎಳೆಯ ನಟರು. ಅಂದು ಉಳಿದುಕೊಂಡ ನಾಲ್ವರು ಬಂದು, ನೀನು ಇಲ್ಲಿ ನಿಲ್ಲು, ನೀನು ಹೀಗೆ ಮಲಗು ಅಂತ ಹೇಳಿ ತಮ್ಮ ತಮ್ಮ ನೆನಪನ್ನು ತಾವೇ ಕಟ್ಟುತ್ತಾರೆ. ಅಡುಗೆಮನೆಯ ರಂಗೋಲಿ ಪುಡಿಗೂ ಆ ಟೇಪಿಗೂ ಏನು ವ್ಯತ್ಯಾಸ?

ಅದೇ ದ್ವೀಪದ ಇನ್ನೊಂದು ಸಂಗತಿ ನಿಮ್ಮಂಥ ಆಡಳಿತದವರು ತಿಳಿಯಬೇಕಾದದ್ದು. ಹದಿಮೂರು ಜನ ಸತ್ತ ಕೆಫೆ ಕಟ್ಟಡದ ಒಂದು ಭಾಗವನ್ನು ಉಳಿಸಿಕೊಂಡು ಅದರ ಸುತ್ತ ಹೊಸ ಕಟ್ಟಡ ಕಟ್ಟಿದ್ದಾರೆ. ಒಳಗೆ ಸತ್ತವರ ಲೆಕ್ಕಕ್ಕೆ 69 ಕಂಬಗಳು. ಹೊರಗೆ 495 ಮರದ ಪಟ್ಟಿಗಳು. ಅವು ದ್ವೀಪದಿಂದ ಜೀವಂತ ಬಂದವರ ಲೆಕ್ಕ. ಬದುಕಿದವರನ್ನೂ ಎಣಿಸಿದ ಸ್ಮಾರಕ ಅದು.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1966ರ ಆಗಸ್ಟ್ 1ರಂದು ಗೋಪುರದ ಮೇಲಿಂದ ಒಬ್ಬ 96 ನಿಮಿಷ ಗುಂಡು ಹಾರಿಸಿದ. ಗುಂಡು ತಾಗಿದ ಒಬ್ಬ ಬಸುರಿ ವಿದ್ಯಾರ್ಥಿನಿ ಕಾದ ಕಾಂಕ್ರೀಟಿನ ಮೇಲೆ ಬಿದ್ದಿದ್ದಳು. ಗುರುತಿಲ್ಲದ ಇನ್ನೊಬ್ಬ ಹುಡುಗಿ ಓಡಿ ಬಂದು, ಅವಳ ಪಕ್ಕದಲ್ಲೇ ಮಲಗಿ, ಎಚ್ಚರ ತಪ್ಪದಂತೆ ಮಾತಾಡಿಸುತ್ತಾ ಇದ್ದಳು. ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ. ಕೋಲ್ಡ್ ರೂಮಿನಲ್ಲಿ ನನ್ನ ಬೆನ್ನ ಮೇಲೂ ಒಂದು ಕೈ ಇತ್ತು, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯದು. ಟೆಕ್ಸಾಸಿನವರು ದಶಕಗಳ ಕಾಲ ಆ ದಿನದ ಬಗ್ಗೆ ಹೆಚ್ಚು ಮಾತಾಡಲೇ ಇಲ್ಲ. ಕೀತ್ ಮೈಟ್‌ಲ್ಯಾಂಡ್ ಅನ್ನುವ ನಿರ್ದೇಶಕ ಬದುಕುಳಿದವರನ್ನು ಹುಡುಕಿ, ನಟರ ಮೇಲೆ ಚಿತ್ರ ಬರೆದಂಥ ಆನಿಮೇಷನ್‌ನಲ್ಲಿ ಅವರ ಕಥೆ ಹೇಳಿದ್ದು 2016ರಲ್ಲಿ. ಸತ್ತವರ ಹೆಸರು ಕೆತ್ತಿದ ಕಲ್ಲು ಕ್ಯಾಂಪಸ್ಸಿನಲ್ಲಿ ನಿಂತದ್ದೂ ಅದೇ ವರ್ಷ, 50 ವರ್ಷ ತುಂಬಿದ ದಿನ. ಕಾಂಬೋಡಿಯಾದ ರಿತಿ ಪಾನ್ ಹುಡುಗನಾಗಿದ್ದಾಗ ಖಮೇರ್ ರೂಜ್ ಅನ್ನುವ ಕ್ರೂರ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ ಮನೆಯವರನ್ನು ಕಳೆದುಕೊಂಡವರು. ಅವರು ಅದನ್ನು 2013ರಲ್ಲಿ ಮಣ್ಣಿನ ಗೊಂಬೆಗಳನ್ನಿಟ್ಟು ಸಿನಿಮಾ ಮಾಡಿದರು. ಅವರ ಮನೆಯವರು ಪಟ್ಟ ಪಾಡಿನ ಫೋಟೋಗಳು ಇರಲಿಲ್ಲ, ಇದ್ದದ್ದು ಹೆಚ್ಚಾಗಿ ಕೊಂದವರು ತೆಗೆಸಿದ ಪ್ರಚಾರದ ಚಿತ್ರಗಳು. ಹಾಗಾಗಿ ಗೊಂಬೆ.

ಇವರೆಲ್ಲರ ಕೆಲಸ ನೋಡಿದ ಮೇಲೆ ನನಗೆ ಅನಿಸಿದ್ದು ಒಂದೇ. ಹೇಳಿಕೊಂಡರೆ ಹಗುರಾಗುತ್ತೆ ಅಂತ ನಮ್ಮ ಜನ ಹೇಳುತ್ತಾರಲ್ಲ, ಅದು ಅರ್ಧ ನಿಜ. ನಾನು ಟಿವಿಗೂ ಹೇಳಿಕೊಂಡಿದ್ದೆ, ಹಗುರಾಗಲಿಲ್ಲ. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು, ಏನು ತೋರಿಸಬಾರದು, ಇದನ್ನು ನಾನೇ ತೀರ್ಮಾನಿಸಿದಾಗ ಹಗುರಾಯಿತು. ಆ ಅಂಗಡಿಯಲ್ಲಿ ನನ್ನ ಕೈಯಲ್ಲಿ ಯಾವ ತೀರ್ಮಾನವೂ ಇರಲಿಲ್ಲ. ಎಡಿಟಿಂಗ್ ಟೇಬಲ್ಲಿನಲ್ಲಿ ಎಲ್ಲ ತೀರ್ಮಾನವೂ ನನ್ನದೇ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಪ್ರಾಥಮಿಕ ಮಾನಸಿಕ ನೆರವಿನ ಕೈಪಿಡಿಯೂ ಇದನ್ನೇ ಹೇಳುತ್ತದೆ. ಆಘಾತವಾದವರನ್ನು ಕೂರಿಸಿ, ಏನಾಯ್ತು ಹೇಳಿ ಅಂತ ಒತ್ತಾಯ ಮಾಡಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ನೀರು, ಊಟ, ಮನೆಯವರು, ಮಾಹಿತಿ ಸಿಗುವಂತೆ ಮಾಡಿ.

ಈಗ ನಮ್ಮ ಊರಿನ ವಿಚಾರ. ಲೋಟದ ಸಿನಿಮಾ ಸುದ್ದಿ ಹಬ್ಬಿದ ಮೇಲೆ ಒಂದು ಸಂಸ್ಥೆಯವರು ಮನೆಗೆ ಬಂದರು. ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಕಿರುಚಿತ್ರ ಸ್ಪರ್ಧೆ. ಬದುಕುಳಿದವರ ಕಥೆಗಳೇ ವಸ್ತು. ಐದು ನಿಮಿಷ ಮೀರಬಾರದು. ಕೊನೆಗೆ ಸಂದೇಶ ಇರಬೇಕು. ಮೊದಲ ಬಹುಮಾನ ಇಷ್ಟು, ಎರಡನೆಯದು ಇಷ್ಟು. ಅವರಲ್ಲೊಬ್ಬರು 'ಕಣ್ಣೀರು ಬರೋ ಸೀನ್ ಒಂದು ಇದ್ರೆ ಚೆನ್ನಾಗಿರುತ್ತೆ ಮೇಡಂ' ಅಂದರು. ಒಳ್ಳೆಯ ಜನವೇ. ಕಾಫಿ ಕುಡಿದು ಹೋದರು. ಆದರೆ ಯೋಚನೆ ಮಾಡಿ. ಆನೆ ತುಳಿತದಿಂದ ಉಳಿದವನ ನೋವಿಗೆ ಎರಡನೇ ಬಹುಮಾನ, ಲಾರಿ ಅಪಘಾತದಿಂದ ಉಳಿದವಳದ್ದು ಸಮಾಧಾನಕರ ಬಹುಮಾನ! ಜಿಲ್ಲಾಡಳಿತ ಮುಂದೆಂದಾದರೂ ಇಂಥದ್ದಕ್ಕೆ ಕೈ ಹಾಕುವುದಾದರೆ ದಯವಿಟ್ಟು ಈ ದಾರಿ ಹಿಡಿಯಬೇಡಿ.

ಬೇರೆ ದಾರಿ ಯಾವುದು ಅಂತ ನನಗೆ ತೋರಿಸಿದವರು ಸಕಲೇಶಪುರ ಕಡೆಯ ಒಬ್ಬ ಹೆಂಗಸು. ತೋಟದ ಕೆಲಸ. ಗಂಡ ಆನೆಗೆ ಸಿಕ್ಕಿ ಹೋದರು. ಇವರು ಕೂಗಳತೆಯಲ್ಲೇ ಇದ್ದರು. ಪರಿಚಯದವರ ಮೂಲಕ ನಮ್ಮ ಮನೆಗೆ ಬಂದು, ನನ್ನ ಸಿನಿಮಾ ನೋಡಿ, ಬಹಳ ಹೊತ್ತಾದ ಮೇಲೆ, 'ನಂಗೂ ಒಂದು ಮಾಡ್ಕೊಡ್ತೀರಾ ಮೇಡಂ? ಆದ್ರೆ ಆನೆ ಬ್ಯಾಡ' ಅಂದರು. ಅವರಿಗೆ ಬೇಕಿದ್ದದ್ದು ಗಂಡ ದಿನಾ ಬೆಳಿಗ್ಗೆ ಲೈನ್ ಮನೆಯಿಂದ ತೋಟಕ್ಕೆ ನಡೆದು ಹೋಗುತ್ತಿದ್ದ ದಾರಿ. ಅಷ್ಟೇ. ನಮ್ಮ ಹುಡುಗ ಫೋನನ್ನು ಅವರ ಕೈಗೇ ಕೊಟ್ಟ. ಅವರು ನಡೆದರು, ಒಂದು ತಿರುವಿನ ತನಕ. ಅಲ್ಲಿಗೆ ನಿಲ್ಲಿಸಿದರು. ಇನ್ನೊಂದು ದಿನ ಬಂದು ಇನ್ನೂ ಸ್ವಲ್ಪ ಮುಂದಕ್ಕೆ ಹೋದರು. ಕೊನೆಗೆ ಕೆರೆ ಏರಿಯವರೆಗೆ ಪೂರ್ತಿ ಚಿತ್ರ ಮಾಡಿದರು. ಎಲ್ಲ ಜೋಡಿಸಿ ಆದ ಮೇಲೆ ಒಮ್ಮೆ ನೋಡಿದರು. 'ಈಗ ಅಳಿಸಿಬಿಡಿ' ಅಂದರು. ಅಳಿಸಿದೆವು. ಈಗ ಅವರು ಆ ದಾರಿಯಲ್ಲೇ ಕೆಲಸಕ್ಕೆ ಹೋಗುತ್ತಾರೆ. ಆನೆಯ ಭಯ ಇದ್ದೇ ಇದೆ, ಅದು ಇರಲೇಬೇಕಾದ ಭಯ. ದಾರಿಯ ಭಯ ಕಡಿಮೆಯಾಗಿದೆ.

ಈ ಸಿನಿಮಾವನ್ನು ನೀವು ಯಾವ ಪ್ರಗತಿ ವರದಿಯಲ್ಲಿ ತೋರಿಸುತ್ತೀರಿ? ಫೋಟೋ ಇಲ್ಲ, ಪ್ರದರ್ಶನ ಇಲ್ಲ, ಫೈಲೇ ಇಲ್ಲ. ಆದರೆ ನಾನು ನೋಡಿದ್ದರಲ್ಲಿ ಚೆನ್ನಾಗಿ ಕೆಲಸ ಮಾಡಿದ ಸಿನಿಮಾ ಅದೇ. ಹಾಗಾಗಿ ನನ್ನ ಬೇಡಿಕೆಯಲ್ಲಿ ಇದು ದೊಡ್ಡದು: ಮಾಡಿದ್ದನ್ನು ಅಳಿಸುವ ಹಕ್ಕು ಮಾಡಿದವರಿಗೇ ಇರಬೇಕು. ತೋರಿಸುವ ಹಕ್ಕೂ ಅವರಿಗೇ. ಒಮ್ಮೆ ಹೂಂ ಅಂದವರು ನಾಳೆ ಬೇಡ ಅನ್ನಬಹುದು. ಹಾಸನದಲ್ಲಿ ಇದನ್ನು ಬಿಡಿಸಿ ಹೇಳಬೇಕಾ? 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆ ಹೊತ್ತಿಗೆ, ಪೆನ್‌ಡ್ರೈವ್‌ಗಳು ಈ ಜಿಲ್ಲೆಯಲ್ಲಿ ಏನು ಮಾಡಿದವು ಅಂತ ನಮಗೆಲ್ಲ ಗೊತ್ತಿದೆ. ನೊಂದ ಹೆಂಗಸರ ಮುಖ ಮುಚ್ಚುವ ಮರ್ಯಾದೆಯೂ ಇಲ್ಲದೆ ವಿಡಿಯೋಗಳು ಕೈಯಿಂದ ಕೈಗೆ ಹೋದವು. ಮಾಡಿದವರ ತಪ್ಪು ಒಂದು ಕಡೆ. ಅದನ್ನು ನೋಡಿ, ಮುಂದಕ್ಕೆ ಕಳಿಸಿದ ನಮ್ಮ ಬೆರಳುಗಳು ಇನ್ನೊಂದು ಕಡೆ. ಇಂಥ ಊರಿನಲ್ಲಿ ಕ್ಯಾಮೆರಾ ತಂದಿಟ್ಟು 'ನಂಬಿ' ಅಂದರೆ ಯಾವ ಹೆಂಗಸು ನಂಬುತ್ತಾಳೆ? ಇಂಟರ್ನೆಟ್ ಸಂಪರ್ಕವೇ ಇಲ್ಲದ ಕಂಪ್ಯೂಟರ್ ಇರಲಿ. ಕಾಪಿ ಒಂದೇ ಇರಲಿ, ಅದು ಅವರ ಕೈಯಲ್ಲಿರಲಿ.

ಖರ್ಚು ಜಾಸ್ತಿ ಇಲ್ಲ. ತಾಲ್ಲೂಕಿಗೊಂದು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಗ್ರಂಥಾಲಯದ ಹಿಂದಿನದಾದರೂ ಸರಿ. ಒಂದು ಕಂಪ್ಯೂಟರ್, ಒಂದು ಸಾಧಾರಣ ಫೋನ್, ಒಂದು ಸ್ಟ್ಯಾಂಡ್. ನಿರ್ದೇಶಕರನ್ನು ಬೆಂಗಳೂರಿನಿಂದ ಕರೆಸುವುದು ಬೇಡ. ನಮ್ಮಲ್ಲೇ ಮದುವೆ ವಿಡಿಯೋ ಮಾಡುವ ಹುಡುಗ ಹುಡುಗಿಯರಿದ್ದಾರೆ, ಆಷಾಢದಲ್ಲಿ ಅವರಿಗೆ ಕೆಲಸ ಇರುವುದಿಲ್ಲ. ಅವರಿಗೆ ಎರಡು ದಿನ ತರಬೇತಿ ಕೊಡಿ: ಅನಿಸಿಕೆ ಕೇಳಬಾರದು, ಬಾಗಿಲು ತೆರೆದಿತ್ತಾ ಅಂತ ಕೇಳಬಹುದು. ಅಳುವಾಗ ಕ್ಯಾಮೆರಾ ಹತ್ತಿರ ಒಯ್ಯಬಾರದು, ಕೆಳಗಿಡಬೇಕು. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಂನವರು 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯ ಜನರಿಗೆ ಜಗತ್ತಿನ ಸಿನಿಮಾ ತೋರಿಸಿದರು. ಆಗ ಪ್ರೊಜೆಕ್ಟರ್ ಹೊರಬೇಕಿತ್ತು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ.

ಪಕ್ಕದ ಕೋಣೆಯಲ್ಲಿ ಆಪ್ತ ಸಮಾಲೋಚಕರು ಇರಲೇಬೇಕು. ಇದರಲ್ಲಿ ರಾಜಿ ಬೇಡ. ಕೆಲವರಿಗೆ ಮತ್ತೆ ಅಲ್ಲಿಗೇ ಹೋಗುವುದರಿಂದ ಗಾಯ ಕೆರೆದಂತಾಗುತ್ತದೆ, ಅಂಥವರಿಗೆ ಸಿನಿಮಾ ಬೇಡವೇ ಬೇಡ. ಅದನ್ನು ಹೇಳಬೇಕಾದವರು ವೈದ್ಯರು, ನನ್ನಂಥ ಉತ್ಸಾಹಿಗಳಲ್ಲ. ವ್ಯವಸ್ಥೆ ಆಗಲೇ ಇದೆ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯೇ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. 2022ರಿಂದ ಟೆಲಿ ಮಾನಸ್ ಇದೆ, 14416ಕ್ಕೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆನೆ ದಾಳಿಯೋ ಅಪಘಾತವೋ ಆದ ಜಾಗಕ್ಕೆ ಪರಿಹಾರದ ಚೆಕ್ ಹಿಡಿದು ಹೋಗುವವರು ಈ ನಂಬರಿನ ಚೀಟಿಯನ್ನೂ ಕೊಟ್ಟು, ಗೀರಿಲ್ಲದೆ ಉಳಿದವರ ಹೆಸರಿನ ಪಟ್ಟಿಯನ್ನೂ ಮಾಡಿಕೊಂಡು ಬರಲಿ. ತಿಂಗಳ ನಂತರ ಒಬ್ಬ ಆಶಾ ಕಾರ್ಯಕರ್ತೆ ಹೋಗಿ, ನಿದ್ದೆ ಬರ್ತಿದೆಯಾ ಅಂತ ಕೇಳಲಿ. ಸಿನಿಮಾ ಆಮೇಲಿನ ಮಾತು.

ಪತ್ರಿಕೆ, ಟಿವಿ, ಯೂಟ್ಯೂಬ್‌ನವರಿಗೂ ಒಂದು ಮಾತು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಗುಂಡಿಟ್ಟು ಕೊಂದಾಗ ನಮ್ಮ ಕರ್ನಾಟಕದ ಮನೆಗಳೂ ಅದರಲ್ಲಿದ್ದವು. ಕಣ್ಣೆದುರೇ ಗಂಡನನ್ನು ಕಳೆದುಕೊಂಡ ಹೆಂಗಸರ ಮುಂದೆ ಎಷ್ಟು ಮೈಕುಗಳು ನಿಂತವು ಅಂತ ಎಲ್ಲರೂ ನೋಡಿದ್ದೇವೆ. ಸುದ್ದಿ ಬೇಕು, ಒಪ್ಪುತ್ತೇನೆ. ಅದೇ ತುಣುಕನ್ನು ಇಡೀ ದಿನ ಸುತ್ತಿಸುವುದು ಯಾಕೆ? ನೋವು ತಿಂದವರ ತಲೆಯಲ್ಲಿ ಅದು ಆಗಲೇ ಸುತ್ತುತ್ತಿರುತ್ತದೆ.

ನನಗೆ ಪೂರ್ತಿ ವಾಸಿಯಾಗಿದೆಯಾ ಅಂತ ಕೇಳುತ್ತಾರೆ. ಇಲ್ಲ. ದೀಪಾವಳಿ ರಾತ್ರಿ ಈಗಲೂ ಕಿಟಕಿ ಮುಚ್ಚಿ ಕೂರುತ್ತೇನೆ. ಆದರೆ ಸಾರಿಗೆ ಕೊತ್ತಂಬರಿ ಬಿದ್ದಿದೆ, ಕೆಲವು ದಿನ ಕಡಿಮೆ, ಕೆಲವು ದಿನ ಧಾರಾಳ. ಮನೆಯವರಿಗೆ ಸಮಾಧಾನ.

ಈ ಕೋಣೆಯ ಕೆಲಸ ಶುರು ಮಾಡುವುದಾದರೆ ನಾನೂ ನಮ್ಮ ಹುಡುಗನೂ ಬರುತ್ತೇವೆ, ಗೌರವಧನ ಬೇಡ. ಉದ್ಘಾಟನೆ, ಮುಖ್ಯ ಅತಿಥಿ, ಬ್ಯಾನರ್ ಇದ್ದರೆ ಬರುವುದಿಲ್ಲ. ಕಚೇರಿ ಅಂದ ಮೇಲೆ ಅರ್ಜಿ ನಮೂನೆ ಒಂದು ಬೇಕಾಗುತ್ತದೆ, ಅದು ನನಗೆ ಗೊತ್ತು. ಹೆಸರು, ಊರು, ಫೋನ್ ನಂಬರ್ ಕೇಳಿ. 'ಘಟನೆಯ ಸಂಕ್ಷಿಪ್ತ ವಿವರ' ಅನ್ನುವ ಕಾಲಂ ಮಾತ್ರ ಇಡಬೇಡಿ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಹಾಸನ